ಜೆಲ್ಲಿ ಮೀನಿನ ಉರಿಗೆ ಅಡಂಬು ಬಳ್ಳಿಯ ಮುಲಾಮು

ಪ್ರಶ್ನೆ: ಥಾಯ್ಲೆಂಡಿನ ಫುಕೆಟ್‌ಗೆ ಹೋಗಿದ್ದಾಗ ಮಗನ ಕಾಲಿಗೆ ಜೆಲ್ಲಿ ಮೀನು ತಗುಲಿ, ಬರೆ ಎಳೆದಂತೆ ಕೆಂಪು ಗೆರೆಗಳೆದ್ದವು. ಅಲ್ಲಿನ ಔಷಧಿ ಅಂಗಡಿಯವರು ಕಡಲತೀರದ ಬಳ್ಳಿಯೊಂದರ ಮುಲಾಮು ಕೊಟ್ಟರು. ಉರಿ ತಗ್ಗಿದೆ, ಆದರೆ ವಾರ ಕಳೆದರೂ ತುರಿಕೆ ನಿಂತಿಲ್ಲ. ಅದನ್ನೇ ಮುಂದುವರಿಸಬಹುದೇ? ಅದೇ ಬಳ್ಳಿ ನಮ್ಮೂರ ಮರಳಿನಲ್ಲೂ ಹಬ್ಬಿದೆ. ಎಲೆ ಅರೆದು ಹಚ್ಚಿದರೆ ಸಾಲದೇ?
– ಓದುಗರು, ಕುಮಟಾ

ಉತ್ತರ: ನೀವು ಹೇಳುತ್ತಿರುವುದು ಅಡಂಬು ಬಳ್ಳಿ. ಆಡಿನ ಗೊರಸಿನಂತೆ ತುದಿ ಸೀಳಿದ ದಪ್ಪ ಎಲೆ, ನಸುನೇರಳೆ ಹೂ ಇದರ ಗುರುತು. ಥಾಯ್ ಕರಾವಳಿಯಲ್ಲಿ ಇದು ಹಳೆಯ ಮನೆಮದ್ದು. ಇದರ ಸಾರವು ಹಿಸ್ಟಮೀನ್ (ಅಲರ್ಜಿಯಾದಾಗ ದೇಹ ಬಿಡುವ, ತುರಿಕೆ ತರುವ ರಾಸಾಯನಿಕ) ಹಾಗೂ ಜೆಲ್ಲಿ ಮೀನಿನ ವಿಷ ಎರಡರ ಪರಿಣಾಮವನ್ನೂ ತಡೆಯುತ್ತದೆಂಬ ವರದಿ 1970ರಲ್ಲೇ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬಂದಿತ್ತು. ಊತಕ್ಕೆ ಕಾರಣವಾಗುವ ಪ್ರೋಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನೂ ಇದು ತಗ್ಗಿಸುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಹೀಗಾಗಿ ಮಗನ ಉರಿ ಇಳಿದದ್ದರಲ್ಲಿ ಅಚ್ಚರಿಯಿಲ್ಲ. ಆದರೆ ಪ್ರಯೋಗಾಲಯದ ಪುರಾವೆಯಷ್ಟು ಗಟ್ಟಿಯಾದ ಪುರಾವೆ ರೋಗಿಗಳ ಮೇಲಿನ ಪರೀಕ್ಷೆಗಳಿಂದ ಬಂದಿಲ್ಲವಾದ್ದರಿಂದ, ನಾನು ಇದನ್ನು ಪೂರಕ ಔಷಧವೆಂದಷ್ಟೇ ಪರಿಗಣಿಸುತ್ತೇನೆ.

ಚರ್ಮ ಒಡೆದಿರದಿದ್ದರೆ ಇನ್ನು ಕೆಲವು ದಿನ ತೆಳುವಾಗಿ ಹಚ್ಚಬಹುದು. ವಾರದ ಮೇಲೂ ಉಳಿಯುವ, ಅಥವಾ ಒಮ್ಮೆ ಮಾಯವಾಗಿ ಮತ್ತೆ ಏಳುವ ತುರಿಕೆ ಬಹುಮಟ್ಟಿಗೆ ವಿಷಕ್ಕೆ ದೇಹ ತೋರುವ ತಡವಾದ ಅಲರ್ಜಿ. ಅದಕ್ಕೆ ಸ್ಟೀರಾಯ್ಡ್ ಮುಲಾಮು ಮತ್ತು ಅಲರ್ಜಿಯ ಮಾತ್ರೆ ಹೆಚ್ಚು ಫಲಕಾರಿ, ಅವನ್ನು ಚರ್ಮವೈದ್ಯರೇ ಬರೆದುಕೊಡಲಿ. ಎಲೆ ಅರೆದು ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಮುಲಾಮಿನಲ್ಲಿರುವುದು ಅಳತೆಯ ಸಾರ; ಮರಳಿನ ಮೇಲಿನ ಎಲೆಯ ಜೊತೆಗೆ ಹೊಲಸೂ ಬಂದು, ತುರಿಸಿ ಗಾಯವಾದ ಚರ್ಮಕ್ಕೆ ಸೋಂಕು ತರಬಹುದು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಕುಟುಕಿದ ಕ್ಷಣದಲ್ಲಿ ಯಾವ ಮುಲಾಮನ್ನೂ ತಿಕ್ಕಬಾರದು. ಚರ್ಮಕ್ಕಂಟಿದ ಎಳೆಗಳಲ್ಲಿ ಇನ್ನೂ ಸಿಡಿಯದ ಸಾವಿರಾರು ವಿಷಕೋಶಗಳಿರುತ್ತವೆ. ತಿಕ್ಕಿದರೆ, ಸಿಹಿನೀರು ಸುರಿದರೆ ಅವೂ ಸಿಡಿದು ವಿಷ ಚುಚ್ಚುತ್ತವೆ. ಸಮುದ್ರದ ನೀರಿನಿಂದಲೇ ತೊಳೆದು, ಎಳೆಗಳನ್ನು ಚಿಮಟದಿಂದ ಎತ್ತಿ, ನಂತರ ಸುಡದಷ್ಟು ಬಿಸಿಯ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 20 ನಿಮಿಷ ಅದ್ದಿಡಬೇಕು. ಥಾಯ್ಲೆಂಡಿನ ಹಲವು ಕಡಲತೀರಗಳಲ್ಲಿ ವಿನೆಗರ್ ಬಾಟಲಿ ಇಟ್ಟ ಕಂಬಗಳಿರುವುದು ಅಲ್ಲಿಯ ಪ್ರಾಣಾಂತಕ ‘ಪೆಟ್ಟಿಗೆ ಜೆಲ್ಲಿ ಮೀನಿ’ನ (ಬಾಕ್ಸ್ ಜೆಲ್ಲಿಫಿಶ್) ಕುಟುಕಿಗಾಗಿ. ಅದು ಕುಟುಕಿದರೆ ಮೊದಲು ಕನಿಷ್ಠ 30 ಸೆಕೆಂಡು ವಿನೆಗರ್ ಸುರಿಯಬೇಕು. ಉಸಿರಾಟ ಕಷ್ಟವಾದರೆ, ಎದೆ ಹಿಡಿದಂತಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.