ಹಳೆ ಟ್ರ್ಯಾಕ್ಟರ್ ನೀಲಿ ಹೊಗೆ ಬಿಡ್ತಿದೆ, ಪಿಸ್ಟನ್ ಹೋಗಿದ್ಯಾ ಇಲ್ಲಾ ಬರೀ ಕಾರ್ಬನ್ನಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹಳೆ ಮ್ಯಾಸಿ 1035, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಮೊದ್ಲು ಬಿಳಿ ಹೊಗೆ, ಬಿಸಿ ಆದ್ಮೇಲೆ ನೀಲಿ ಹೊಗೆ, ಬ್ರೀದರ್ ಪೈಪಲ್ಲೂ (ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಪೈಪು) ಪುಸ್ ಪುಸ್ ಅಂತ ಹೊಗೆ. ಒಬ್ಬ ಮೆಕ್ಯಾನಿಕ್ ಪೂರ್ತಿ ಪಿಸ್ಟನ್ ಲೈನರ್ (ಪಿಸ್ಟನ್ ಓಡಾಡೋ ಕೊಳವೆ) ಸೆಟ್ ಹಾಕಿ ಅಂತಾನೆ, ಇನ್ನೊಬ್ಬ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಇಳಿಸಿ ಕಾರ್ಬನ್ (ಉರಿದು ಕಟ್ಟಿದ ಮಸಿ) ಕೆರೆದ್ರೆ ಸಾಕು ಅಂತಾನೆ, ಯಾರನ್ನ ನಂಬೋದು ಅಂತ ಕೇಳಿದೀರಿ. ಇಬ್ರೂ ಏನೂ ಅಳತೆ ಮಾಡ್ದೆ ಹೇಳಿದಾರೆ, ಹಾಗಾಗಿ ಸದ್ಯಕ್ಕೆ ಇಬ್ರನ್ನೂ ನಂಬ್ಬೇಡಿ. ನಾನು ಓದಿದ ಎಂಜಿನಿಯರ್ ಅಲ್ಲ, ರಾಣೆಬೆನ್ನೂರು ಕಡೆ ಮೆಕ್ಕೆಜೋಳ ಬೆಳೆಯೋ ಮನೆಯವ್ನು, ಆದ್ರೆ ಇದೇ ಥರದ ಮೂರು ಸಿಲಿಂಡರ್ ಎಂಜಿನ್ ನಮ್ಮನೇಲಿ ಎರಡು ಸಲ ಬಿಚ್ಚಿ ದುಡ್ಡು ಕಳ್ಕೊಂಡಿದೀವಿ.

ಅದನ್ನ ಮೊದ್ಲು ಹೇಳ್ತೀನಿ. ಒಂದು ಸುಗ್ಗಿಲಿ ನಮ್ಮದೂ ಹೀಗೇ ಹೊಗೆ ಶುರು ಮಾಡ್ತು, ಪವರ್ ಇಲ್ಲ, ಅಪ್ಪ ಸೊಸೈಟಿಲಿ ಸಾಲ ತಗೊಂಡು ಒಂದು ಗ್ಯಾರೇಜಲ್ಲಿ ಫುಲ್ ಸೆಟ್ ಹಾಕಿಸಿದ್ರು. ಮುಂದಿನ ಸುಗ್ಗಿ ಮುಗಿಯೋಕೆ ಮುಂಚೆ ಎರಡನೇ ಸಿಲಿಂಡರ್ ಸತ್ತೋಯ್ತು. ಬಿಚ್ಚಿ ನೋಡಿದ್ರೆ ಹೊಸ ಪಿಸ್ಟನ್ ತಲೆ ಮೇಣದ ಥರ ಕರಗಿ ತೂತಾಗಿದೆ. ಆವಾಗ ಸಿಲಿಂಡರೊಳಗೆ ಡೀಸೆಲ್ ಸಿಂಪಡಿಸೋ ನಾಜಲ್‌ಗಳನ್ನ ಪಂಪ್ ರಿಪೇರಿ ಅಂಗಡಿಗೆ ಒಯ್ದು ಟೆಸ್ಟರಿಗೆ ಹಾಕಿಸಿದ್ವಿ. ಎರಡು ನಾಜಲ್ ಮಂಜಿನ ಥರ ಸ್ಪ್ರೇ ಮಾಡಿದ್ವು, ಆ ಎರಡನೇದು ಮಾತ್ರ ನಲ್ಲಿ ಸೋರಿದ ಹಾಗೆ ತೊಟ್ಟಿಕ್ತಾ ಇತ್ತು. ಹಳೆ ಪಿಸ್ಟನ್ ಹಾಳು ಮಾಡಿದ್ದೂ ಅದೇ, ಹೊಸದನ್ನ ಹಾಳು ಮಾಡಿದ್ದೂ ಅದೇ, ಅದನ್ನ ಯಾರೂ ಮುಟ್ಟಿರ್ಲಿಲ್ಲ. ಅವತ್ತು ಅಪ್ಪನ ಮುಖ ನೋಡಿದೀನಿ, ಅದಕ್ಕೇ ಇಷ್ಟುದ್ದ ಬರೀತಿರೋದು. ಕಾರ್ಬನ್ ಆಗ್ಲಿ ಪಿಸ್ಟನ್ ಹೋಗೋದಾಗ್ಲಿ ತಾನಾಗೇ ಬರಲ್ಲ, ಹಿಂದೆ ಏನೋ ಒಂದಿರುತ್ತೆ, ಅದು ಸಿಗೋ ತನಕ ಹೊಸ ಸಾಮಾನು ಹಾಕಿಸ್ಬೇಡಿ.

ಈಗ ನಿಮ್ಮ ಗಾಡಿ. ಬೆಳಿಗ್ಗೆ ಬಿಳಿ ಹೊಗೆ ಡೀಸೆಲ್ ವಾಸನೆ ಬಂದ್ರೆ ಡೀಸೆಲ್ ಪೂರ್ತಿ ಉರೀತಿಲ್ಲ ಅಂತ, ಕಂಪ್ರೆಷನ್ (ಪಿಸ್ಟನ್ ಗಾಳಿ ಒತ್ತೋ ಬಲ) ಕಮ್ಮಿ ಇರ್ಬೋದು, ನಾಜಲ್ ಇರ್ಬೋದು, ಟೈಮಿಂಗ್ (ಡೀಸೆಲ್ ಸಿಂಪಡಿಸೋ ಹೊತ್ತು) ಕೂಡ ಇರ್ಬೋದು. ರೇಡಿಯೇಟರ್ ನೀರೂ ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣಿಡಿ. ನೀಲಿ ಅಂದ್ರೆ ಆಯಿಲ್ ಉರೀತಿದೆ, ಆದ್ರೆ ಅದು ಪಿಸ್ಟನ್ ಸುತ್ತ ಇರೋ ರಿಂಗಿಂದಾನೇ ಬರ್ಬೇಕು ಅಂತಿಲ್ಲ, ವಾಲ್ವ್ ಗೈಡ್ ಸವೆದ್ರೂ ಬರುತ್ತೆ, ಏರ್ ಕ್ಲೀನರ್ ಬಟ್ಟಲಿಗೆ ಗುರುತಿಗಿಂತ ಮೇಲೆ ಆಯಿಲ್ ತುಂಬಿದ್ರೂ ಎಂಜಿನ್ ಅದನ್ನೇ ಎಳ್ಕೊಂಡು ನೀಲಿ ಹೊಗೆ ಬಿಡುತ್ತೆ. ಅದನ್ನ ಇವತ್ತೇ ನೋಡಿ, ಖರ್ಚಿಲ್ಲ. ಬ್ರೀದರ್ ಹೊಗೆಗೆ ನಮ್ ಕಡೆ ಬ್ಯಾಕ್ ಕಂಪ್ರೆಷನ್ ಅಂತಾರೆ. ಸ್ವಲ್ಪ ಆವಿ ಎಲ್ಲಾ ಹಳೆ ಎಂಜಿನ್ನಲ್ಲೂ ಇರುತ್ತೆ. ಎಂಜಿನ್ ಬಿಸಿ ಆದ್ಮೇಲೆ ಆಯಿಲ್ ಫಿಲ್ಲರ್ ಮುಚ್ಚಳ ಬಿಚ್ಚಿ ತಲೆಕೆಳಗೆ ಬಾಯಿ ಮೇಲಿಡಿ, ಸುಮ್ನೆ ನಡುಗಿದ್ರೆ ಪರವಾಗಿಲ್ಲ, ಹಾರಿ ಕೆಳಗೆ ಬಿದ್ರೆ ಸಿಲಿಂಡರ್ ಗಾಳಿ ಪಿಸ್ಟನ್ ಪಕ್ಕದಿಂದ ಜೋರಾಗೇ ಕೆಳಗಿಳೀತಿದೆ ಅಂತ ಅರ್ಥ.

ಆಮೇಲೆ ಮೂರರಲ್ಲಿ ಯಾವ ಸಿಲಿಂಡರ್ ಅಂತ ಹುಡುಕ್ಬೇಕು. ಸ್ಲೋ ರನ್ನಿಂಗಲ್ಲಿಟ್ಟು ನಾಜಲ್ ಪೈಪಿನ ನಟ್ ಒಂದೊಂದಾಗಿ ಅರ್ಧ ಸುತ್ತು ಸಡ್ಲ ಮಾಡಿ, ಸೌಂಡ್ ಬಿದ್ರೆ ಆ ಸಿಲಿಂಡರ್ ಕೆಲ್ಸ ಮಾಡ್ತಿತ್ತು ಅಂತ, ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಅದೇ ಕಳ್ಳ. ನಟ್ ಮೇಲೆ ದಪ್ಪ ಬಟ್ಟೆ ಹಾಕಿ, ಕೈ ಮುಖ ದೂರ ಇರ್ಲಿ, ಆ ಪ್ರೆಷರಿಗೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ, ನುಗ್ಗಿದ್ರೆ ಸಣ್ಣ ಗಾಯದ ಥರ ಕಂಡ್ರೂ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಕಂಪ್ರೆಷನ್ ಗೇಜ್ ಡೀಸೆಲ್‌ದೇ ಬೇಕು, ಬೈಕ್ ಅಂಗಡಿ ಪೆಟ್ರೋಲ್ ಗೇಜ್ ಇದಕ್ಕೆ ತಡೆಯಲ್ಲ. ಒಂದೇ ನಂಬರ್ ನೋಡಿ ಗಾಬರಿ ಆಗ್ಬೇಡಿ, ಮೂರೂ ಸಿಲಿಂಡರ್ ಹತ್ರ ಹತ್ರ ಇದಾವಾ ನೋಡಿ, ಒಂದು ಮಾತ್ರ ಉಳಿದೆರಡಕ್ಕಿಂತ ನೂರು ಪಿಎಸ್‌ಐ (ಒತ್ತಡದ ಅಳತೆ) ಕಮ್ಮಿ ಇದ್ರೆ ತೊಂದ್ರೆ ಅಲ್ಲೇ. ಗೇಜ್ ಸಿಗ್ಲಿಲ್ಲ ಅಂದ್ರೆ ನನಗೆ ಅದಕ್ಕಿಂತ ಇಷ್ಟ ಆಗೋ ಟೆಸ್ಟ್ ಇನ್ನೊಂದಿದೆ. ಗುಜರಿ ನಾಜಲ್ ಹೋಲ್ಡರ್ ಒಂದನ್ನ ಒಳಗೆ ಖಾಲಿ ಮಾಡಿಸಿ ಏರ್ ನಿಪಲ್ ವೆಲ್ಡ್ ಮಾಡಿಸಿ, ಆ ಸಿಲಿಂಡರ್ ಪಿಸ್ಟನ್ನನ್ನ ಕಂಪ್ರೆಷನ್ ಸ್ಟ್ರೋಕಲ್ಲಿ ಪೂರ್ತಿ ಮೇಲೆ ತಂದು, ಪಂಚರ್ ಅಂಗಡಿ ಕಂಪ್ರೆಸರ್ ಗಾಳಿ ಬಿಡಿ. ಪಿಸ್ಟನ್ ಸರಿಯಾಗಿ ಮೇಲಿಲ್ಲ ಅಂದ್ರೆ ಎಂಜಿನ್ ತಿರುಗಿಬಿಡುತ್ತೆ, ಫ್ಯಾನ್ ಹತ್ರ ಯಾರೂ ನಿಲ್ಬಾರ್ದು. ಗಾಳಿ ಸೈಲೆನ್ಸರಲ್ಲಿ ಸುಯ್ ಅಂದ್ರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರಲ್ಲಿ ಅಂದ್ರೆ ಇನ್ಲೆಟ್ ವಾಲ್ವ್, ರೇಡಿಯೇಟರಲ್ಲಿ ಗುಳ್ಳೆ ಬಂದ್ರೆ ಗ್ಯಾಸ್ಕೆಟ್ ಇಲ್ಲಾ ಹೆಡ್ ಬಿರುಕು, ಬ್ರೀದರಲ್ಲಿ ಜೋರಾಗಿ ಬಂದ್ರೆ ಮಾತ್ರ ರಿಂಗ್ ಪಿಸ್ಟನ್ ಲೈನರ್. ವಾಲ್ವ್ ಕೂತ್ಕೊಳ್ಳದೆ ಇರೋದಕ್ಕೆ ಪೂರ್ತಿ ಸೆಟ್ ಹಾಕಿಸಿದೋರನ್ನ ನೋಡಿ ಹೊಟ್ಟೆ ಉರಿದಿದೆ ನನಗೆ.

ಬ್ರೀದರಲ್ಲೇ ಬಂತು ಅನ್ಕೊಳ್ಳಿ. ಆವಾಗ್ಲೂ ಎರಡು ದಾರಿ ಇದೆ, ರಿಂಗ್ ಸವೆದಿರ್ಬೋದು, ಇಲ್ಲಾ ಕಾರ್ಬನ್ ಕಟ್ಕೊಂಡು ಪಿಸ್ಟನ್ನಿನ ಗ್ರೂವಲ್ಲಿ (ರಿಂಗ್ ಕೂರೋ ಕಾಲುವೆ) ಸಿಕ್ಕಾಕೊಂಡಿರ್ಬೋದು. ಬಿಸಿ ಆಯಿಲನ್ನ ಬಿಳಿ ಬಟ್ಟೆಲಿ ಸೋಸಿ, ಹೊಳೆಯೋ ಚೂರು ಸಿಕ್ರೆ ಅಯಸ್ಕಾಂತ ಹಿಡೀರಿ. ಅಂಟಿದ್ರೆ ಹೆಚ್ಚಾಗಿ ರಿಂಗ್ ಲೈನರ್ ಕಬ್ಬಿಣ, ಅಂಟದೆ ಬೆಳ್ಳಗಿದ್ರೆ ಹೆಚ್ಚಾಗಿ ಪಿಸ್ಟನ್ ಅಲ್ಯೂಮಿನಿಯಂ, ಬೇರಿಂಗಿನದೂ ಆಗ್ಬೋದು. ಏನೂ ಸಿಗ್ಲಿಲ್ಲ, ಗಾಡಿ ವರ್ಷಗಟ್ಲೆ ಬರೀ ನೀರಿನ ಟ್ಯಾಂಕರ್ ಎಳ್ಕೊಂಡೋ ಸ್ಲೋ ರನ್ನಿಂಗಲ್ಲಿ ನಿಂತ್ಕೊಂಡೋ ಇತ್ತು, ಸೈಲೆನ್ಸರ್ ಜಾಯಿಂಟಲ್ಲಿ ಡಾಂಬರಿನ ಥರ ಕಪ್ಪು ಆಯಿಲ್ ಇಳೀತಿದೆ ಅಂದ್ರೆ ಕಾರ್ಬನ್ ಕಡೆ ವಾಲಿದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗೋ ತನಕ ರೇಡಿಯೇಟರಿಗೆ ನೀರು ತಡೆಯೋ ವಾಲ್ವ್) ಇದ್ಯಾ ಕೇಳಿ. ಬೇಸಿಗೆ ಹೀಟಿಗೆ ಅಂತ ಕಿತ್ತು ಬಿಸಾಕೋದು ನಮ್ಮಲ್ಲಿ ರೂಢಿ ಆಗೋಗಿದೆ, ಅದಿಲ್ದೆ ಎಂಜಿನ್ ಯಾವತ್ತೂ ಸರಿಯಾದ ಬಿಸಿಗೆ ಬರಲ್ಲ, ತಣ್ಣಗಿರೋ ಎಂಜಿನ್ನಲ್ಲಿ ಡೀಸೆಲ್ ಪೂರ್ತಿ ಉರಿಯಲ್ಲ, ಕಾರ್ಬನ್ನೂ ಕಟ್ಟುತ್ತೆ ಲೈನರ್ರೂ ಸವೆಯುತ್ತೆ. ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಏರ್ತಿದ್ರೆ ಇನ್ನೂ ಕೆಟ್ಟದ್ದು, ಫೀಡ್ ಪಂಪ್ ಡಯಾಫ್ರಾಮ್ ಹರಿದು ಡೀಸೆಲ್ ಕೆಳಗಿನ ಆಯಿಲ್ ಸಂಪ್ ಒಳಗೆ ಇಳೀತಿರ್ಬೋದು, ಮೊದ್ಲು ಅದನ್ನ ಸರಿ ಮಾಡಿ ಆಯಿಲ್ ಬದ್ಲಿಸಿ.

ಸಿಕ್ಕಾಕೊಂಡ ರಿಂಗಿಗೆ ಹೆಡ್ ಬಿಚ್ಚೋ ಮುಂಚೆ ಒಂದು ಅವಕಾಶ ಕೊಡಿ. ಮೂರೂ ನಾಜಲ್ ತೆಗೆದು ಟೆಸ್ಟಿಗೆ ಕಳ್ಸಿ, ಆ ತೂತಲ್ಲಿ ಒಂದೆರಡು ಚಮಚ ಡೀಸೆಲ್ಲು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಆಯಿಲ್) ಬೆರೆಸಿ ಬಿಟ್ಟು ಎರಡು ದಿನ ನೆನೆಯೋಕೆ ಬಿಡಿ. ವಾಪಸ್ ಕಟ್ಟೋ ಮುಂಚೆ ನಾಜಲ್ ಇಲ್ದೇನೇ ಎಂಜಿನ್ ತಿರುಗಿಸಿ ಒಳಗಿರೋದೆಲ್ಲ ಹೊರಗೆ ಉಗುಳಿಸ್ಲೇಬೇಕು, ಇಲ್ಲಾಂದ್ರೆ ಹೈಡ್ರೋ ಲಾಕ್ ಆಗಿ (ಒಳಗಿನ ದ್ರವ ಒತ್ತೋಕಾಗ್ದೆ ಪಿಸ್ಟನ್ ತಡೆದು) ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಆಮೇಲೆ ಆಯಿಲ್ ಬದ್ಲಿಸಿ, ಬಿಸಿ ಮಾಡಿ, ನೇಗಿಲು ಹಾಕಿ ಒಂದು ದಿನ ನಿಜವಾದ ಲೋಡಲ್ಲಿ ದುಡಿಸಿ. ಬ್ಯಾಕ್ ಕಂಪ್ರೆಷನ್ ಕಮ್ಮಿ ಆದ್ರೆ ನಿಮ್ಮ ಪುಣ್ಯ.

ಆಗ್ಲಿಲ್ಲ ಅಂದ್ರೆ ಬಿಚ್ಚಿ, ಆದ್ರೆ ನೀವು ಅಲ್ಲೇ ಇರಿ. ಲೈನರ್ ಮೇಲ್ತುದೀಲಿ ಉಗುರು ಎಳೀರಿ, ಮೆಟ್ಟಿಲು ತಗುಲಿದ್ರೆ ಸವೆದಿದೆ, ಬೋರ್ ಗೇಜ್ ಹಾಕಿಸಿ. ಪಿಸ್ಟನ್ ತಲೆ ಒಂದೇ ಕಡೆ ತಿಂದಿದ್ರೆ ಮೊದ್ಲು ಅನುಮಾನ ನಾಜಲ್ ಮೇಲೆ. ಪಿಸ್ಟನ್ ಪಿನ್ ಅಕ್ಕಪಕ್ಕ ನಾಲ್ಕು ಕಡೆ ಗೀರು ಬಿದ್ದಿದ್ರೆ ಓವರ್ ಹೀಟ್. ಮೇಲಿನ ರಿಂಗ್ ತೆಳ್ಳಗೆ ಬ್ಲೇಡಾಗಿದ್ರೆ ಧೂಳು ಒಳಗೆ ಹೋಗಿದೆ, ಏರ್ ಕ್ಲೀನರಿಂದ ಮ್ಯಾನಿಫೋಲ್ಡಿಗೆ ಹೋಗೋ ರಬ್ಬರ್ ಹೋಸ್ ಮಡಚಿ ನೋಡಿ, ಅಡಿಭಾಗದಲ್ಲಿ ಸೀಳಿರುತ್ತೆ, ಮೇಲಿಂದ ಕಾಣಲ್ಲ. ಜೋಳ ಒಕ್ಕೋ ಗಾಡಿಗಳನ್ನ ತಿನ್ನೋದು ಜಾಸ್ತಿ ಇದೇನೇ. ಕಾರ್ಬನ್ನನ್ನ ಸೀಮೆಎಣ್ಣೇಲಿ ನೆನೆಸಿ ಬಿದಿರು ಚಕ್ಕೆಲಿ ಕೆರೀರಿ, ಗ್ರೈಂಡರ್ ವೈರ್ ಬ್ರಷ್ಷು ಎಮರಿ ಪೇಪರ್ರು ಪಿಸ್ಟನ್ ಹತ್ರ ಬರಬಾರ್ದು, ಆ ಪುಡಿ ಒಂದು ಚಿಟಿಕೆ ಉಳಿದ್ರೂ ಹೊಸ ರಿಂಗ್ ಮುಗೀತು. ಹೊಸ ರಿಂಗನ್ನ ಲೈನರಲ್ಲಿಟ್ಟು ಬಾಯಿ ಗ್ಯಾಪ್ ಅಳೆಸಿ, ಬೋರಿನ (ಸಿಲಿಂಡರ್ ಒಳಗಿನ ಅಗಲ) ಪ್ರತಿ ಇಂಚಿಗೆ 3ರಿಂದ 4 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಭಾಗ) ಅಂತ ಅಂದಾಜು, ಮ್ಯಾನುಯಲ್ ಇದ್ರೆ ಅದರ ಲೆಕ್ಕಾನೇ ಹಿಡೀರಿ.

ಹಳೆ ಪಿಸ್ಟನ್ ಗುಜರಿಗೆ ಕೊಡೋಕೆ ಬಿಡ್ಬೇಡಿ. 1, 2, 3 ಅಂತ ಗುರುತು ಹಾಕಿ ಮನೆಗೆ ತನ್ನಿ, ತಲೆ, ಎರಡೂ ಪಕ್ಕ, ರಿಂಗ್ ಗ್ರೂವ್ ಕಾಣೋ ಹಾಗೆ ಫೋಟೋ ಹಾಕಿ, ನಾಜಲ್ ಟೆಸ್ಟಲ್ಲಿ ಏನಂದ್ರು ಅದನ್ನೂ ಬರೀರಿ, ನೋಡಿ ಹೇಳ್ತೀನಿ.