ಬಿ ಅಕ್ಷರದ ಬುತ್ತಿ

ಕಳೆದ ತಿಂಗಳು ‘ಎ’ ಮುಗಿಸಿ, ‘ಬಿ’ಯಿಂದ ಶುರುವಾಗುವ ಇಂಗ್ಲಿಷ್ ಪದಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಬರೆದಿದ್ದೆ. ಅದೇ ತಪ್ಪಾಯಿತು ನೋಡಿ. ಊಟದ ಮೇಜಿನ ಅರ್ಧ ಭಾಗ ನಿಮ್ಮ ಕಾಗದಗಳೇ ತುಂಬಿವೆ. ನಮ್ಮನೆಯವರು ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದಾರೆ. ಎಲ್ಲಕ್ಕೂ ಉತ್ತರ ಕೊಡಲು ಜಾಗವಿಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ 31 ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಕೊನೆ ಬೆಂಚಿನಲ್ಲಿ ಎತ್ತಿದ ಕೈಯನ್ನೇ ಮೊದಲು ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಹಾಗಾಗಿ ಅಂಥ ಪ್ರಶ್ನೆಗಳೇ ಜಾಸ್ತಿ ಇವೆ.

ಪ್ರಶ್ನೆ: ಲಂಡನ್ನಿನಲ್ಲಿರುವ ಮಗನ ಮನೆಗೆ ಹೋಗಿದ್ದೆ. ತರಕಾರಿ ಅಂಗಡಿಯಲ್ಲಿ ‘ಬ್ರಿಂಜಾಲ್’ ಕೇಳಿದರೆ ಹುಡುಗಿ ಪಿಳಿಪಿಳಿ ನೋಡಿದಳು. ‘ಅದು ಇಂಗ್ಲಿಷೇ ಅಲ್ಲಮ್ಮ’ ಅಂತ ಮಗ ನಕ್ಕ. ನಾವು ಶಾಲೆಯಲ್ಲಿ ಕಲಿತದ್ದು ಸುಳ್ಳಾ ಮೇಡಂ? (ಉಡುಪಿಯ ಓದುಗರು)

ಉತ್ತರ: ಸುಳ್ಳಲ್ಲ. ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ. ಬ್ರಿಂಜಾಲ್ ಇಂಗ್ಲಿಷ್ ನಿಘಂಟುಗಳಲ್ಲಿರುವ ಪದವೇ. ಆದರೆ ಅದು ಹೆಚ್ಚಾಗಿ ಬಳಕೆಯಲ್ಲಿರುವುದು ನಮ್ಮ ಕಡೆ. ಪೋರ್ಚುಗೀಸರು ಬದನೆಯನ್ನು ‘ಬೆರಿಂಜೆಲ’ ಅನ್ನುತ್ತಿದ್ದರು. ಅವರ ಬಾಯಿಂದ ಇಲ್ಲಿನ ಇಂಗ್ಲಿಷರ ಬಾಯಿಗೆ ಬಂದು ಬ್ರಿಂಜಾಲ್ ಆಯಿತು. ಪೋರ್ಚುಗೀಸರಿಗೆ ಅದು ಸಿಕ್ಕಿದ್ದು ಅರಬ್ಬಿಯಿಂದ. ತಮಾಷೆ ಏನು ಗೊತ್ತಾ? ಲಂಡನ್ನಿನವರು ಹೇಳುವ ‘ಓಬರ್ಜೀನ್’ ಕೂಡ ಅದೇ ಅರಬ್ಬಿ ಪದದ ಮೊಮ್ಮಗು. ಅದು ಸ್ಪೇನ್, ಫ್ರಾನ್ಸ್ ಸುತ್ತಿಕೊಂಡು ಹೋಯಿತು, ಇದು ಹಡಗು ಹತ್ತಿ ನಮ್ಮಲ್ಲಿಗೆ ಬಂತು. ಅಂದರೆ ಆ ಹುಡುಗಿಗೆ ಗೊತ್ತಿದ್ದ ಪದವೂ ನೀವು ಹೇಳಿದ್ದೂ ದಾಯಾದಿ ಪದಗಳೇ. ಅಮೆರಿಕಕ್ಕೆ ಹೋದರೆ ‘ಎಗ್‌ಪ್ಲಾಂಟ್’ ಅನ್ನಿ. ಮೊಟ್ಟೆಯ ಹಾಗೆ ಬೆಳ್ಳಗೆ, ಗುಂಡಗೆ ಇರುವ ಬದನೆ ನೋಡಿ ಇಟ್ಟ ಹೆಸರದು. ನಿಮ್ಮೂರಿನ ಮಟ್ಟುಗುಳ್ಳ ಬದನೆಗೆ ಮಾತ್ರ ಯಾವ ಇಂಗ್ಲಿಷೂ ಬೇಡ. 2011ರಲ್ಲಿ ಅದೇ ಹೆಸರಿನಲ್ಲೇ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ.

ಪ್ರಶ್ನೆ: ‘ನಮ್ಮ ಮನೆ ಬಸ್ ಸ್ಟ್ಯಾಂಡಿನ ಬ್ಯಾಕ್ ಸೈಡ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ನಮ್ಮ ಮಾಲೀಕರು ನಗುತ್ತಾರೆ. ಯಾಕೆ? (ಅರಸೀಕೆರೆ)

ಉತ್ತರ: ಇಂಗ್ಲೆಂಡಿನವರಿಗೂ ಅಮೆರಿಕದವರಿಗೂ ಬ್ಯಾಕ್‌ಸೈಡ್ ಅಂದರೆ ಮೊದಲು ನೆನಪಾಗುವುದು ಕುಂಡಿ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಳೆಗಾಲದಲ್ಲಿ ಜಾರಿ ಬಿದ್ದಿದ್ದೆ. ರಜಾ ಚೀಟಿಯಲ್ಲಿ ‘ಐ ಫೆಲ್ ಆನ್ ದ ಬ್ಯಾಕ್‌ಸೈಡ್ ಆಫ್ ದ ಸ್ಕೂಲ್’ ಎಂದು ಬರೆದೆ. ಹೆಡ್‌ಮಾಸ್ಟರು ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಶಾಲೆಯದ್ದೋ, ತಮ್ಮದೋ?’ ಎಂದು ಕನ್ನಡದಲ್ಲಿ ಬರೆದು ಕಳಿಸಿದರು. ರಜೆ ಸಿಕ್ಕಿತು, ಮರ್ಯಾದೆ ಹೋಯಿತು. ‘ಬಿಹೈಂಡ್ ದ ಬಸ್ ಸ್ಟ್ಯಾಂಡ್’ ಅನ್ನಿ, ಸಾಕು. ಅದೂ ‘ಬಿ’ಯೇ ಅಲ್ವಾ?

ಪ್ರಶ್ನೆ: ‘ಬಾಯ್ಕಾಟ್’ ಪದ ಇಂಗ್ಲೆಂಡಿನ ಕ್ರಿಕೆಟ್ ಆಟಗಾರ ಜೆಫ್ರಿ ಬಾಯ್ಕಾಟ್‌ರಿಂದ ಬಂತು ಎಂದು ನಮ್ಮ ಗೆಳೆಯರ ಗುಂಪಿನಲ್ಲಿ ವಾದ. ನಿಜವೇ? (ಹಾವೇರಿ)

ಉತ್ತರ: ನಿಜವಲ್ಲ. ಆದರೂ ಈ ವಾದ ನನಗೆ ಬಹಳ ಹಿಡಿಸಿತು. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಪದ ಬಂದದ್ದು ಚಾರ್ಲ್ಸ್ ಬಾಯ್ಕಾಟ್ ಎಂಬ ಇನ್ನೊಬ್ಬನಿಂದ. ಐರ್ಲೆಂಡಿನ ಮೇಯೊ ಎಂಬ ಜಿಲ್ಲೆ, 1880ನೇ ಇಸವಿ. ಈತ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್. ಗೇಣಿ ವಸೂಲಿ ಇವನ ಕೆಲಸ. ಬೆಳೆ ಕೈಕೊಟ್ಟಿದೆ, ಗೇಣಿ ಕಡಿಮೆ ಮಾಡಿ ಎಂದು ರೈತರು ಕೇಳಿದರು. ಇವನು ಒಕ್ಕಲೆಬ್ಬಿಸುವ ನೋಟಿಸು ಹಿಡಿದು ಹೊರಟ. ರೈತರು ದೊಣ್ಣೆ ಎತ್ತಲಿಲ್ಲ. ಸುಮ್ನೆ ಅವನನ್ನು ಬಿಟ್ಟುಬಿಟ್ಟರು. ಕೂಲಿಯವರು ಹೊಲಕ್ಕೆ ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ, ಟಪಾಲು ಕೂಡ ನಿಂತಿತು. ಕೊನೆಗೆ ಅವನ ಬೆಳೆ ತೆಗೆಯಲು ಬೇರೆ ಕಡೆಯಿಂದ ಸುಮಾರು 50 ಜನ ಬರಬೇಕಾಯಿತು. ಅವರ ಕಾವಲಿಗೆ ಸೈನಿಕರು ಬಂದರು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚೇ ಎಷ್ಟೋ ಪಾಲು ಹೆಚ್ಚಾಯಿತು. ಅದೇ ಡಿಸೆಂಬರಿನಲ್ಲಿ ಆತ ಊರು ಬಿಟ್ಟ.

ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಆಗಲೇ ‘ಆಸ್ಟ್ರಸೈಜ್’ ಎಂಬ ಪದವಿತ್ತು. ಅದು ರೈತರ ನಾಲಿಗೆಗೆ ಕಷ್ಟ, ಅವನ ಹೆಸರನ್ನೇ ಇಟ್ಟರಾಯಿತು ಎಂದು ಅಲ್ಲಿನ ಪಾದ್ರಿ ಜಾನ್ ಓ’ಮ್ಯಾಲಿ ಸೂಚಿಸಿದರು ಎಂಬ ಮಾತಿದೆ. ನನ್ನ ಲೆಕ್ಕದಲ್ಲಿ ಆ ಪಾದ್ರಿ ಒಳ್ಳೆಯ ಮೇಷ್ಟ್ರು.

ಬಳಸುವಾಗ ಒಂದು ಎಚ್ಚರ. ಬಾಯ್ಕಾಟ್ ಅನ್ನು ನಾವು ‘ಬಹಿಷ್ಕಾರ’ ಎಂದು ಅನುವಾದಿಸುತ್ತೇವೆ. ಸಭೆಗೆ ಬಹಿಷ್ಕಾರ, ಚುನಾವಣೆಗೆ ಬಹಿಷ್ಕಾರ, ಸರಿ. ಆದರೆ ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಅಂದರೆ ಕಥೆ ತಲೆಕೆಳಗು. ಮೇಯೊದಲ್ಲಿ ಕೂಲಿಯವರು ಏಜೆಂಟನನ್ನು ದೂರ ಇಟ್ಟರು. ಇಲ್ಲಿ ಬಲವಿದ್ದವರು ದಲಿತರ ಮನೆಗೆ ಅಂಗಡಿ, ನೀರು, ಕೂಲಿ ಎಲ್ಲ ನಿಲ್ಲಿಸಿದ ಸುದ್ದಿ ಓದುತ್ತೇವೆ. ಅದು ಪ್ರತಿಭಟನೆ ಅಲ್ಲ, ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಇಂಗ್ಲಿಷಿನಲ್ಲಿ ಬರೆಯುವಾಗ ಇದಕ್ಕೆ ‘ಸೋಷಿಯಲ್ ಬಾಯ್ಕಾಟ್’ ಎಂದೇ ಬರೆಯಿರಿ. ಬರೀ ‘ಬಾಯ್ಕಾಟ್’ ಎಂದರೆ ಓದುವವರು ಬೇರೆಯೇ ತಿಳಿದುಕೊಳ್ಳುತ್ತಾರೆ.

ಈಗ ಕ್ರಿಕೆಟಿಗನ ವಿಷಯ. 1967ರಲ್ಲಿ ಲೀಡ್ಸ್‌ನಲ್ಲಿ ನಮ್ಮ ವಿರುದ್ಧವೇ ಜೆಫ್ರಿ ಬಾಯ್ಕಾಟ್ ಔಟಾಗದೆ 246 ಹೊಡೆದರು. ಆಟ ತೀರಾ ನಿಧಾನವಾಯಿತು ಎಂದು ಮುಂದಿನ ಟೆಸ್ಟಿಗೆ ಅವರನ್ನೇ ತಂಡದಿಂದ ಕೈಬಿಟ್ಟರು! ಬಾಯ್ಕಾಟ್‌ಗೇ ಬಾಯ್ಕಾಟ್. ನಿಮ್ಮ ಗೆಳೆಯರು ಸೋತರೂ ಕಾಫಿ ಕೊಡಿಸಿ.

ಪ್ರಶ್ನೆ: ‘ಬಾರೋ’ ಮತ್ತು ‘ಲೆಂಡ್’ ನನ್ನ ಮಗಳಿಗೆ ಯಾವಾಗಲೂ ಅದಲು ಬದಲು. ‘ಬಾರೋ ಮಿ ಯುವರ್ ಪೆನ್’ ಅನ್ನುತ್ತಾಳೆ. (ಚಳ್ಳಕೆರೆ)

ಉತ್ತರ: ತಪ್ಪು ಅವಳದಲ್ಲ. ಕನ್ನಡದಲ್ಲಿ ನಾವು ‘ಎರವಲು’ ಅನ್ನೋ ಒಂದೇ ಪದ ಇಟ್ಟುಕೊಂಡು, ‘ತಗೋ’, ‘ಕೊಡು’ ಸೇರಿಸಿ ದಿಕ್ಕು ಹೇಳುತ್ತೇವೆ. ಸಾಲವೂ ಹಾಗೆ, ಕೈಗಡವೂ ಹಾಗೆ. ಇಂಗ್ಲಿಷಿನಲ್ಲಿ ದಿಕ್ಕು ಪದದೊಳಗೇ ಕೂತಿದೆ. ನನ್ನ ಕ್ಲಾಸಿನಲ್ಲಿ ಒಂದು ಉಪಾಯವಿತ್ತು. ‘ಬಾರೋ’ ಕನ್ನಡದ್ದೇ ಅಂದುಕೊಳ್ಳಿ. ‘ಬಾರೋ ಪೆನ್ನೇ, ನನ್ನ ಹತ್ತಿರ ಬಾರೋ!’ ವಸ್ತು ನಮ್ಮ ಕಡೆ ಬಂದರೆ ಬಾರೋ, ನಮ್ಮಿಂದ ಹೋದರೆ ಲೆಂಡ್. ಹುಡುಗರು ಕೈ ಬೀಸಿ ಪೆನ್ನು ಕರೆದು ಕರೆದು ಗಲಾಟೆ ಮಾಡುತ್ತಿದ್ದರು. ಆದರೆ ಪರೀಕ್ಷೆಯಲ್ಲಿ ಒಬ್ಬರೂ ತಪ್ಪು ಮಾಡಲಿಲ್ಲ. ಒಬ್ಬ ಮಾತ್ರ ‘ಬಾರೇ’ ಎಂದು ಬರೆದಿದ್ದ, ಪೆನ್ನು ಅವನ ತಂಗಿಯದಂತೆ.

ಪ್ರಶ್ನೆ: ‘ಬೋನಫೈಡ್’ ತನ್ನಿ ಎಂದು ಮಗನ ಶಾಲೆಯಲ್ಲಿ ಮೂರು ಸಲ ಓಡಾಡಿಸಿದರು. ಆ ಪದದ ಅರ್ಥವಾದರೂ ಏನು? (ಗಂಗಾವತಿ)

ಉತ್ತರ: ಓಡಾಟದ ಬಗ್ಗೆ ನಾನೇನೂ ಮಾಡಲಾರೆ, ಕ್ಷಮಿಸಿ. ಪದ ಲ್ಯಾಟಿನ್, ‘ಒಳ್ಳೆಯ ನಂಬಿಕೆಯಿಂದ’ ಎಂದು ಅರ್ಥ. ಬರೆಯುವಾಗ ಎರಡು ಪದ, ‘ಬೋನ’ ಬೇರೆ, ‘ಫೈಡ್’ ಬೇರೆ. ಬ್ರಿಟನ್ನಿನಲ್ಲಿ ‘ಬೋನ ಫೈಡಿ’ ಎನ್ನುವವರೇ ಹೆಚ್ಚು. ಈ ಹುಡುಗ ನಿಜವಾಗಿಯೂ ನಮ್ಮಲ್ಲೇ ಓದುತ್ತಿದ್ದಾನೆ, ಮೋಸವಿಲ್ಲ ಎಂದು ಶಾಲೆ ಕೊಡುವ ಕಾಗದ ಬೋನಫೈಡ್ ಸರ್ಟಿಫಿಕೇಟ್. ನಾವು ಬಾಲ ಕತ್ತರಿಸಿ ‘ಬೋನಫೈಡ್ ಕೊಡಿ’ ಅನ್ನುತ್ತೇವೆ. ಕೌಂಟರಿನಲ್ಲಿ ಅದು ನಡೆಯುತ್ತದೆ. ಅರ್ಜಿಯಲ್ಲಿ ಮಾತ್ರ ಪೂರ್ತಿ ಬರೆಯಿರಿ.

ಪ್ರಶ್ನೆ: ನಮ್ಮ ಸಂಘದ ಸಭೆ ಎರಡು ವರ್ಷಕ್ಕೊಮ್ಮೆ. ಆಹ್ವಾನ ಪತ್ರದಲ್ಲಿ ‘ಬೈಆನ್ಯುಯಲ್’ ಎಂದು ಅಚ್ಚು ಹಾಕಿಸಿದ್ದೇವೆ. ಸರಿಯಾ? (ಸಾಗರ)

ಉತ್ತರ: ಅಯ್ಯೋ, 500 ಪ್ರತಿ ಅಚ್ಚಾಗಿ ಹೋಗಿದೆಯಾ? ಬೈಆನ್ಯುಯಲ್ ಅಂದರೆ ವರ್ಷಕ್ಕೆ ಎರಡು ಸಲ. ಎರಡು ವರ್ಷಕ್ಕೊಮ್ಮೆ ಅನ್ನಲು ‘ಬೈಯೆನ್ನಿಯಲ್’. ಎಲೆಕೋಸು, ಕ್ಯಾರೆಟ್ಟನ್ನು ಸಸ್ಯಶಾಸ್ತ್ರದವರು ಬೈಯೆನ್ನಿಯಲ್ ಅನ್ನುತ್ತಾರೆ. ಮೊದಲ ವರ್ಷ ಬೆಳೆದು, ಎರಡನೇ ವರ್ಷ ಹೂ ಬಿಟ್ಟು ಬೀಜ ಕಟ್ಟುತ್ತವೆ. ಹಾಗೆ ನೆನಪಿಟ್ಟುಕೊಳ್ಳಿ. ‘ಬೈಮಂತ್ಲಿ’ಯಂತೂ ಬೇಡವೇ ಬೇಡ. ಎರಡು ತಿಂಗಳಿಗೊಮ್ಮೆ, ತಿಂಗಳಿಗೆ ಎರಡು ಸಲ, ಎರಡೂ ಅರ್ಥ ನಿಘಂಟಿನಲ್ಲೇ ಇವೆ. ‘ಒನ್ಸ್ ಇನ್ ಟೂ ಇಯರ್ಸ್’ ಎಂದು ಬರೆದರೆ ಯಾರೂ ಬೈಯಲ್ಲ.

ಪ್ರಶ್ನೆ: ಮದುವೆ ಊಟದ ‘ಬಫೆ’ಯಲ್ಲಿ ಕೊನೆಯ ‘ಟಿ’ ಎಲ್ಲಿ ಹೋಯಿತು? (ದಾವಣಗೆರೆ)

ಉತ್ತರ: ಅದು ಫ್ರೆಂಚ್ ಪದ, ಅಲ್ಲಿ ಕೊನೆಯ ‘ಟಿ’ ಬಾಯಿಗೆ ಬರುವುದಿಲ್ಲ. ಬೊಕೆಯೂ ಹಾಗೇ. ಆದರೆ ಅದೇ ಕಾಗುಣಿತದ ಇನ್ನೊಂದು ಪದವಿದೆ, ‘ಬಫಿಟ್’. ಅಂದರೆ ಹೊಡೆತ, ಗಾಳಿ ಅಲೆಗಳ ಬಡಿತ. ಪಂಕ್ತಿ ಊಟ ಬಿಟ್ಟು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಹಿಂದಿನವರ ಮೊಣಕೈಯಿಂದ ತಿವಿಸಿಕೊಳ್ಳುವ ನನ್ನಂಥವಳಿಗೆ ಎರಡೂ ಒಂದೇ.

ಪ್ರಶ್ನೆ: ಹೆಗ್ಗಣಕ್ಕೆ ‘ರ‍್ಯಾಟ್’ ಎಂದರೆ ಸಾಕೇ? ‘ಹೆತ್ತವರಿಗೆ ಹೆಗ್ಗಣ ಮುದ್ದು’ ಗಾದೆಯನ್ನು ಇಂಗ್ಲಿಷಿಗೆ ತರಬೇಕು. (ಮುಳಬಾಗಿಲು)

ಉತ್ತರ: ಸಾಲದು. ‘ಬ್ಯಾಂಡಿಕೂಟ್’ ಇದೆಯಲ್ಲ! ಅದೂ ನಿಮ್ಮ ಗಡಿಯಾಚೆಯ ತೆಲುಗಿನ ‘ಪಂದಿಕೊಕ್ಕು’ವಿನಿಂದ ಇಂಗ್ಲಿಷಿಗೆ ಹೋದ ಪದ. ಪಂದಿ ಅಂದರೆ ಹಂದಿ. ಹಳಗನ್ನಡದಲ್ಲಿ ನಮ್ಮದೂ ಪಂದಿಯೇ, ‘ಪ’ ಹೋಗಿ ‘ಹ’ ಬಂತು ಅಷ್ಟೆ. ಹಂದಿಯಂಥ ಇಲಿ! ಉಗ್ರಾಣದ ಅಕ್ಕಿ ಮೂಟೆ ತೂತು ಮಾಡಿಸಿಕೊಂಡವರಿಗೆ ಈ ಹೆಸರು ಎಷ್ಟು ಸರಿ ಅಂತ ಗೊತ್ತು. ಆದರೆ ಅನುವಾದವನ್ನು ಆಸ್ಟ್ರೇಲಿಯಾದವರು ಓದುವುದಾದರೆ ಹುಷಾರು. ಅಲ್ಲಿ ಬ್ಯಾಂಡಿಕೂಟ್ ಎನ್ನುವುದು ಬೇರೆ ಪ್ರಾಣಿ. ಕಾಂಗರೂವಿನ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಇಟ್ಟುಕೊಳ್ಳುತ್ತದೆ, ನೋಡಲು ಮುದ್ದಾಗಿಯೂ ಇದೆ. ಗಾದೆಯ ಅರ್ಥವೇ ಕೆಟ್ಟುಹೋಗುತ್ತದೆ.

ಪ್ರಶ್ನೆ: ನಮ್ಮ ಆಫೀಸಿನ ಅಮೆರಿಕದ ಸಹೋದ್ಯೋಗಿಯೊಬ್ಬರು ‘ಐ ವಾಸ್ ಬ್ಯಾಂಗಲೋರ್ಡ್’ ಎಂದರು. ಬೇಸರ ಪಡಬೇಕೋ ಬೇಡವೋ? (ಬೆಂಗಳೂರು)

ಉತ್ತರ: ಅವರ ಕೆಲಸ ಹೊರದೇಶಕ್ಕೆ ಹೋಯಿತು, ಅವರು ಮನೆಗೆ ಹೋದರು ಎಂದರ್ಥ. ಸುಮಾರು ಇಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಓಡಾಡಿದ ಪದ, ಈಗ ಕಡಿಮೆ. ಬೇಸರ ಯಾಕೆ, ಪಾಪ, ಕೆಲಸ ಹೋದದ್ದು ಅವರದು. ನಿಮ್ಮ ಊರಿನ ಹೆಸರು ಇಂಗ್ಲಿಷ್ ನಿಘಂಟಿಗೆ ಅದಕ್ಕಿಂತ ಬಹಳ ಮೊದಲೇ ಹೋಗಿದೆ. 1912ರಲ್ಲಿ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಇಲ್ಲೇ ‘ಬ್ಯಾಂಗಲೋರ್ ಟಾರ್ಪಿಡೊ’ ತಯಾರಿಸಿದರು. ಒಂದಕ್ಕೊಂದು ಜೋಡಿಸುವ ಉದ್ದದ ಕೊಳವೆಗಳು, ಒಳಗೆ ಸಿಡಿಮದ್ದು. ದೂರದಿಂದಲೇ ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸಿದರೆ ದಾರಿ ಬಿಡಿಸಿಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಕಡಲತೀರದಲ್ಲೂ ಸೈನಿಕರು ಇದನ್ನು ಬಳಸಿದರು. 2014ರಲ್ಲಿ ಊರು ಅಧಿಕೃತವಾಗಿ ಬೆಂಗಳೂರಾಯಿತು. ಟಾರ್ಪಿಡೊ ಇನ್ನೂ ಬ್ಯಾಂಗಲೋರೇ.

ಉಳಿದವರಿಗೆ ಓಡುತ್ತಲೇ ಉತ್ತರ. ಶಿರಾದವರೇ, ಬಿಸ್ಕತ್ತು ಅಂದರೆ ಎರಡು ಸಲ ಬೇಯಿಸಿದ್ದು. ಕೊಪ್ಪಳದವರೇ, ಬಜೆಟ್ ಹಳೇ ಫ್ರೆಂಚಿನಲ್ಲಿ ಪುಟ್ಟ ಚರ್ಮದ ಚೀಲ. ನಮ್ಮ ಸಂಚಿ ಎಂದುಕೊಳ್ಳಿ. 2019ರಲ್ಲಿ ನಿರ್ಮಲಾ ಸೀತಾರಾಮನ್ ಸೂಟ್‌ಕೇಸು ಬಿಟ್ಟು ಕೆಂಪು ಬಟ್ಟೆಯ ಕಟ್ಟು ಹಿಡಿದು ಬಂದಾಗ ನನಗೆ ನೆನಪಾದದ್ದು ಈ ಚೀಲವೇ. ಮಂಡ್ಯದ ಅಜ್ಜ, ಹೋಟೆಲಿನಲ್ಲಿ ‘ಬಿಲ್ಲು ತನ್ನಿ’ ಎಂದರೆ ಅಮೆರಿಕದಲ್ಲಿ ನೋಟು ಅಂದುಕೊಂಡಾರು. ಅಲ್ಲಿ ‘ಚೆಕ್’ ಕೇಳಬೇಕು. ಬಾಣ ಕೇಳುವುದು ಎಲ್ಲೂ ಬೇಡ.

ಕೊನೆಯದು, ಏಳನೇ ಕ್ಲಾಸಿನ ಹುಡುಗನದು, ಪೆನ್ಸಿಲ್ಲಿನಲ್ಲಿ ಬರೆದ ಕಾಗದ.

ಪ್ರಶ್ನೆ: ಮೇಡಂ, ‘ಬಾಂಬ್’ ಪದದಲ್ಲಿ ಎರಡು ‘ಬಿ’ ಇದೆಯಂತೆ. ಇಂಗ್ಲಿಷಿನಲ್ಲಿ ಎರಡನೆಯದು ಕೇಳಿಸುವುದೇ ಇಲ್ಲವಂತೆ. ಡಿಕ್ಟೇಷನ್ನಿನಲ್ಲಿ ಮಿಸ್ ‘ಬಾಮ್’ ಅಂದರು, ನಾನು ಒಂದೇ ಹಾಕಿದೆ. ಅರ್ಧ ಅಂಕ ಹೋಯಿತು. ಕೇಳಿಸದ ಅಕ್ಷರ ಯಾಕೆ ಬರೆಯಬೇಕು? (ಹೊಸದುರ್ಗ)

ಉತ್ತರ: ಒಳ್ಳೆಯ ಜಗಳ, ಮಗು. ‘ಬಂಬಾರ್ಡ್’ ಅಂತ ಹೇಳಿ ನೋಡು, ಅಲ್ಲಿ ‘ಬಿ’ ಸದ್ದು ಮಾಡುತ್ತದೆ. ಬಾಂಬಿನಲ್ಲಿ ಅದು ಸದ್ದಿಲ್ಲದೆ ಕೂತಿದೆ, ಅಷ್ಟೆ. ಕುರಿಮರಿಯ ‘ಲ್ಯಾಮ್’ನಲ್ಲಿ ಕೊನೆಗೆ ಬರುವ ‘ಬಿ’ಯನ್ನು ಸಾವಿರ ವರ್ಷದ ಹಿಂದೆ ಬಾಯಿಬಿಟ್ಟೇ ಹೇಳುತ್ತಿದ್ದರು. ಆಮೇಲೆ ನಾಲಿಗೆ ಬಿಟ್ಟಿತು, ಕೈ ಬಿಡಲಿಲ್ಲ. ಹೆಬ್ಬೆರಳಿನ ‘ಥಮ್’ಗೆ ಮೊದಲು ‘ಬಿ’ ಇರಲೇ ಇಲ್ಲ, ಮಿಕ್ಕವನ್ನು ನೋಡಿ ಆಮೇಲೆ ಅಂಟಿಸಿಕೊಂಡಿತು. ಹಾಗಾಗಿ ನಿನ್ನ ಸಿಟ್ಟು ಪೂರ್ತಿ ನ್ಯಾಯ. ಆದರೆ ಆ ಅರ್ಧ ಅಂಕ ವಾಪಸ್ ಬರುವುದಿಲ್ಲ. ನಾನಾಗಿದ್ದರೂ ಕೊಡುತ್ತಿರಲಿಲ್ಲ.