‘ಭಾರಿ ಬಾಕ್ಸರ್‌ಗೆ ಪೆಟ್ಟೇಕೆ ನಾಟದು?’ ಲೇಖನದ ಬಗ್ಗೆ

ನಮಸ್ಕಾರ.

ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಪ್ರಶ್ನೆ ಒಳ್ಳೆಯದು, ಭಾಷೆಗೆ ಓಟವಿದೆ. ತಿದ್ದಿ ಕಳಿಸಿ ಎಂದು ಕೇಳುತ್ತಿರುವುದು ಅದಕ್ಕೇ.

ತೊಡಕಿರುವುದು ಎರಡನೇ ಪ್ಯಾರಾದಲ್ಲಿ. ‘ಮೈಯ ಮಾಂಸ, ಕೊಬ್ಬು ಹಾಸಿಗೆಯಂತೆ ಗುದ್ದನ್ನು ಹೀರಿಕೊಳ್ಳುತ್ತವೆ’ ಎಂದಿದ್ದೀರಿ. ಹೊಟ್ಟೆ, ಪಕ್ಕೆಗೆ ಬೀಳುವ ಗುದ್ದಿನ ಮಟ್ಟಿಗೆ ಇದರಲ್ಲಿ ಸ್ವಲ್ಪ ನಿಜವಿದೆ (ಲಿವರ್ ಮೇಲೆ ಸರಿಯಾಗಿ ಬಿದ್ದರೆ ದಪ್ಪ ಮೈಯೂ ಕುಸಿಯುತ್ತದೆ). ಆದರೆ ಪ್ರಜ್ಞೆ ತಪ್ಪಿಸುವ ಪೆಟ್ಟು ಬೀಳುವುದು ತಲೆಗೆ, ಅದರಲ್ಲೂ ಗದ್ದಕ್ಕೆ. ಅಲ್ಲಿ ಹಾಸಿಗೆ ಎಲ್ಲಿದೆ? ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು) ಗದ್ದದ ತುದಿಗೆ ತಗುಲಿದರೆ ತಲೆ ಗಕ್ಕನೆ ತಿರುಗುತ್ತದೆ. ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗದು. ಆ ಎಳೆದಾಟದಲ್ಲಿ ನರತಂತುಗಳು ಜಗ್ಗಿ ಪ್ರಜ್ಞೆ ಹೋಗುತ್ತದೆ. ಹಾಗಾಗಿ ನೀವು ವಿವರಿಸಬೇಕಾದದ್ದು, ಅದೇ ಗುದ್ದಿಗೆ ಒಬ್ಬರ ತಲೆ ಹೆಚ್ಚು ಅಲುಗಿ ಇನ್ನೊಬ್ಬರದು ಕಡಿಮೆ ಅಲುಗುವುದೇಕೆ ಎಂದು.

ಅದಕ್ಕೊಂದು ಸರಳ ಲೆಕ್ಕ ಕೊಡಿ. ತಿರುಗುವುದನ್ನು ಬದಿಗಿಟ್ಟು ನೇರ ಚಲನೆಯನ್ನಷ್ಟೇ ತೆಗೆದುಕೊಳ್ಳಿ. ಗುದ್ದು ತಲೆಗೆ ಕೊಟ್ಟ ಆವೇಗ (ಗುದ್ದಿನ ಬಲವನ್ನು ಅದು ತಗುಲಿದ ಸಮಯದಿಂದ ಗುಣಿಸಿದ್ದು) 10 ನ್ಯೂಟನ್-ಸೆಕೆಂಡ್ ಎಂದಿರಲಿ. 4.5 ಕಿಲೊ ತಲೆ ಸೆಕೆಂಡಿಗೆ 2.2 ಮೀಟರ್ ವೇಗ ಪಡೆಯುತ್ತದೆ, 5.5 ಕಿಲೊ ತಲೆ 1.8 ಮೀಟರ್. ಇದಕ್ಕೆ ಕುತ್ತಿಗೆಯನ್ನು ಸೇರಿಸಿ: ದಪ್ಪ ಸ್ನಾಯುಗಳು ಬಿಗಿದಿದ್ದರೆ ತಲೆ ಮುಂಡಕ್ಕೆ ಕಟ್ಟಿದಂತಾಗಿ, ಗುದ್ದು ಅಲುಗಿಸಬೇಕಾದ ಭಾರ ಹೆಚ್ಚುತ್ತದೆ. ಬಿಗಿಯಲು ಗುದ್ದು ಬರುವುದು ಕಾಣಬೇಕು. ಕಾಣದ ಗುದ್ದಿಗೆ ಸಿಗುವುದು ಸಡಿಲ ಕುತ್ತಿಗೆ. ಬಾಕ್ಸರ್‌ಗಳು ಹೆಚ್ಚು ಅಂಜುವುದು ಕಾಣದ ಗುದ್ದಿಗೇ. ನಿಮ್ಮ ಇಡೀ ಲೇಖನದಲ್ಲಿ ಕುತ್ತಿಗೆ ಎಂಬ ಪದ ಒಮ್ಮೆಯೂ ಬಂದಿಲ್ಲ.

‘ಹೆವಿವೇಟ್‌ನಲ್ಲಿ ನಾಕೌಟ್ ಕಡಿಮೆ’ ಎಂಬ ಸಾಲನ್ನು ಕಿತ್ತುಹಾಕಿ. ಮೇಲಿನ ತೂಕಗಳಲ್ಲೇ ನಾಕೌಟ್ ಹೆಚ್ಚು. ಹಗುರ ವರ್ಗವಾದ ಫ್ಲೈವೇಟ್‌ನ ಮಿತಿ 50.8 ಕಿಲೊ, 100 ಕಿಲೊ ಹೆವಿವೇಟ್‌ನ ಮೈ ಅದರ ಇಮ್ಮಡಿ, ಗುದ್ದಿಗೂ ಆ ಭಾರದ ಬಲ ಸೇರುತ್ತದೆ, ತಲೆ ಮಾತ್ರ ಇಮ್ಮಡಿಯಾಗದು. ಭಾರಿ ಬಾಕ್ಸರ್‌ಗೆ ಪೆಟ್ಟು ನಾಟದಂತೆ ಕಾಣುವುದು ಹೊಡೆಯುವವರು ಹಗುರವಾಗಿದ್ದಾಗ. ಇದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ, ಇಲ್ಲವಾದರೆ ಶೀರ್ಷಿಕೆಯೇ ಓದುಗರನ್ನು ದಾರಿ ತಪ್ಪಿಸುತ್ತದೆ.

ಹೆಸರಿಲ್ಲದ ‘ಒಬ್ಬ ಬಾಕ್ಸರ್’ ಬದಲು ಮೈಕೆಲ್ ಸ್ಪಿಂಕ್ಸ್ ಅವರನ್ನು ತನ್ನಿ. 79.4 ಕಿಲೊ ಮಿತಿಯ ಲೈಟ್ ಹೆವಿವೇಟ್ ಚಾಂಪಿಯನ್ ಆಗಿದ್ದವರು ಮೈ ಬೆಳೆಸಿಕೊಂಡು 1988ರ ಜೂನ್‌ನಲ್ಲಿ ಹೆವಿವೇಟ್ ಚಾಂಪಿಯನ್ ಮೈಕ್ ಟೈಸನ್ ಎದುರು ನಿಂತಾಗ, ಇಬ್ಬರ ತೂಕದ ಅಂತರ ಮೂರು ಕಿಲೊಗೂ ಕಡಿಮೆ. ಆದರೂ ಟೈಸನ್ 91 ಸೆಕೆಂಡಿನಲ್ಲಿ ಸ್ಪಿಂಕ್ಸ್ ಅವರನ್ನು ನಾಕೌಟ್ ಮಾಡಿದರು. ಆದರೆ ಎಲ್ಲವನ್ನೂ ತಲೆಯ ಲೆಕ್ಕಕ್ಕೆ ಬರೆಯಬೇಡಿ: ಸ್ಪಿಂಕ್ಸ್ ಮೊದಲು ಮಂಡಿಯೂರಿದ್ದು ಮೈಗೆ ಬಿದ್ದ ಬಲಗೈ ಗುದ್ದಿಗೆ.

ತಿದ್ದಿದ ಪ್ರತಿ 700 ಪದ ಮೀರದಿರಲಿ.

ಸಂಪಾದಕರು